ಮಿಶಿನಿಗೆ ಹೇಳು, ನಾ ಬಂದಿದ್ದೆ ಅಂತ

ಕೇಣಿ, ಅಂಕೋಲಾ
೨೩ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಅಪ್ಪಾ,

ನಿನ್ನ ಕಾಲು ಮುಟ್ಟಿದೆ ಎಂದುಕೊಂಡು ಬರೆಯಲು ಕೂತಿದ್ದೇನೆ. ಹೇಗಿದ್ದೀ? ಎಡಭುಜ ಹೇಗಿದೆ? ಆ ಬದಿಗೆ ಹೊರಳಿ ಮಲಗಲು ಆಗುತ್ತದೆಯೇ? ನೀನು ಹೋಗಿ ಇವತ್ತಿಗೆ ಹನ್ನೊಂದು ದಿನ. ಬಿಪಿ ಗುಳಿಗೆಯ ಪಟ್ಟಿ ನಿನ್ನ ಫೋನಿನ ಪಕ್ಕದಲ್ಲೇ, ದೇವರ ಗೂಡಿನ ಕೆಳಗಿನ ಹಲಗೆಯ ಮೇಲೆ ಬಿದ್ದಿತ್ತು. ಫೋನನ್ನು ಬೇಕೆಂದೇ ಬಿಟ್ಟು ಹೋಗಿದ್ದೀ ಎಂದು ನಮಗೆ ಗೊತ್ತು. ಗುಳಿಗೆಯನ್ನು ಮರೆತೆಯೋ, ಅದನ್ನೂ ಬೇಕೆಂದೇ ಬಿಟ್ಟೆಯೋ ಎಂದು ಆಯಿ ದಿನಕ್ಕೆ ಹತ್ತು ಸಲ ಕೇಳುತ್ತಾಳೆ. ನಾನು ಮರೆತಿದ್ದು ಎಂದೇ ಹೇಳುತ್ತೇನೆ. ಈ ಕಾಗದದ ಜೊತೆ ಒಂದು ತಿಂಗಳಿಗಾಗುವಷ್ಟು ಗುಳಿಗೆ, ನೋವಿನ ಎಣ್ಣೆ, ಆಯಿ ಮಾಡಿದ ಒಣಸಿಗಡಿ ಚಟ್ನಿ ಇಟ್ಟಿದ್ದೇನೆ. ಚಟ್ನಿಯನ್ನು ಬೋಟಿನವರಿಗೆಲ್ಲ ಹಂಚಿ ಮೊದಲ ದಿನವೇ ಖಾಲಿ ಮಾಡಬೇಡ. ಗುಳಿಗೆ ಮಾತ್ರ ಬೆಳಿಗ್ಗೆ ತಪ್ಪಿಸಬೇಡ.

ಆಯಿ ಆರಾಮ ಇದ್ದಾಳೆ ಎಂದು ಬರೆಯಲು ಹೇಳಿದ್ದಾಳೆ. ಆದರೆ ಆರಾಮ ಇಲ್ಲ. ಮೀನು ಮಾರಲು ಹೋಗುವುದನ್ನು ಬಿಟ್ಟಿದ್ದಾಳೆ. ಪೇಟೆಯಲ್ಲಿ ಯಾರಾದರೂ "ದುರ್ಗೀ, ಬೊಮ್ಮಯ್ಯ ಎಲ್ಲಿದ್ದ?" ಎಂದು ಕೇಳಿದರೆ ಏನು ಹೇಳುವುದು ಎಂಬ ಭಯ ಅವಳಿಗೆ. ಬಂಡಿಬಾಜಾರಿನಲ್ಲಿ ಅವಳು ಕೂರುತ್ತಿದ್ದ ಜಾಗದಲ್ಲಿ ಗಂಗೂ ಅತ್ತೆ ತನ್ನ ಬುಟ್ಟಿ ಇಟ್ಟು, ಬೇರೆಯವರು ಕೂರದ ಹಾಗೆ ಕಾಯುತ್ತಿದ್ದಾಳೆ. ನಿನ್ನ ತಂಗಿ ನನ್ನ ಹತ್ತಿರ ಮಾತಾಡುವುದಿಲ್ಲ, ಅದು ಬೇರೆ ಮಾತು. ನಿನ್ನೆ ಬಂದು ಆಯಿಗೆ ಗಂಜಿ ಮಾಡಿಕೊಟ್ಟಳು, ನನಗೂ ಒಂದು ಬಟ್ಟಲು ಇಟ್ಟಳು, ಆದರೆ ಮುಖ ನೋಡಲಿಲ್ಲ. ನಾನು ಅದನ್ನು ಉಂಡೆ, ಅಪ್ಪಾ. ಹಸಿವಾಗಿತ್ತು.

ನೀನು ಮಲ್ಪೆಯಲ್ಲಿದ್ದೀ ಎಂದು ಮಾಬ್ಲೇಶ್ವರಣ್ಣ ಹೇಳಿದ. ಮೀನಿನ ಲಾರಿ ತೆಗೆದುಕೊಂಡು ಬುಧವಾರ ಅಲ್ಲಿಗೆ ಹೋದವನು ಬಂದರಿನಲ್ಲಿ ನಿನ್ನನ್ನು ಕಂಡನಂತೆ. ಯಾವುದೋ ದೊಡ್ಡ ಬೋಟಿಗೆ ಐಸು ತುಂಬುತ್ತಿದ್ದೆಯಂತೆ. "ನಿಮ್ಮಪ್ಪ ಕಲಾಸಿ ಆಗಿ ಹೊಂಟಿದ್ದ, ಹತ್ತು ದಿನದ ದರಿಯಾ" ಎಂದು ಅವನು ಹೇಳಿದಾಗ ಆಯಿ ನಿನ್ನ ನೋವಿನ ಎಣ್ಣೆ ಹುಡುಕಲು ಒಳಗೆ ಹೋದಳು. ಅರವತ್ತೊಂದನೆಯ ವಯಸ್ಸಿನಲ್ಲಿ, ಭುಜ ಮೇಲೆತ್ತಲು ಆಗದ ನೀನು, ಪರರ ಬೋಟಿನಲ್ಲಿ ಹತ್ತು ದಿನ ಸಮುದ್ರದ ಮೇಲಿದ್ದು ಬಲೆ ಎಳೆಯಲು ಹೋಗಿದ್ದೀ. ಇವತ್ತು ನಾಲ್ಕು ಗಂಟೆಗೆ ಅವನ ಲಾರಿ ಮತ್ತೆ ಹೊರಡುತ್ತದೆ. ಬೋಟು ಏನಾದರೂ ಮೊದಲೇ ತಿರುಗಿ ಬಂದಿದ್ದರೆ ನಿನ್ನ ಕೈಗೇ ಕೊಡುತ್ತಾನೆ, ಇಲ್ಲದಿದ್ದರೆ ಬಂದರಿನ ಚಾದಂಗಡಿಯಲ್ಲಿ ನಿನ್ನ ಹೆಸರು ಹೇಳಿ ಇಟ್ಟು ಬರುತ್ತಾನೆ. ಅಕ್ಷರ ದೊಡ್ಡದಾಗಿ, ಬಿಡಿಸಿ ಬರೆಯುತ್ತಿದ್ದೇನೆ. ನಿಧಾನವಾದರೂ ನೀನೇ ಓದು. ಬೇರೆಯವರ ಹತ್ತಿರ ಓದಿಸಬೇಡ.

ಏನಾಯಿತು ಎಂದು ನಿನಗೆ ಯಾರೂ ಸರಿಯಾಗಿ ಹೇಳಲೇ ಇಲ್ಲ. ನಾನೂ ಹೇಳಲಿಲ್ಲ. ಮೊದಲಿನಿಂದ ಹೇಳುತ್ತೇನೆ. ಈ ತಿಂಗಳ ಮೂರನೇ ತಾರೀಕು ಸೋಮವಾರ ನಮ್ಮ ಮ್ಯಾನೇಜರ್ ಜಗದೀಶ ಸರ್ ನನ್ನ ಮೇಜಿನ ಹತ್ತಿರ ಬಂದು, ನಮ್ಮ ಎಚ್‌ಆರ್ ಸಾಫ್ಟ್‌ವೇರಿಗೆ ಎಐ ಏಜೆಂಟನ್ನು ಜೋಡಿಸಬೇಕು, ಹತ್ತನೇ ತಾರೀಕಿನ ಒಳಗೆ ಆಗಬೇಕು ಎಂದರು. ನಿನಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಕಾರವಾರದ ಹಡಗು ಯಾರ್ಡಿಗೆ ನಮ್ಮ ಕಂಪನಿ ಗುತ್ತಿಗೆಯ ಮೇಲೆ ಕೊಡುವ ಐನೂರ ಎಂಬತ್ತು ಜನರ ಹೆಸರು, ಹಾಜರಿ, ರಜೆ, ಗೇಟ್ ಪಾಸು ಎಲ್ಲ ಆ ಸಾಫ್ಟ್‌ವೇರಿನಲ್ಲಿರುತ್ತದೆ. ಇಷ್ಟು ದಿನ ಅದರಲ್ಲಿ ಒಂದೊಂದನ್ನೂ ನಾನು ಕೈಯಿಂದ ಮಾಡುತ್ತಿದ್ದೆ. ಏಜೆಂಟ್ ಎಂದರೆ ನಾವು ಮಾತಿನಲ್ಲಿ ಹೇಳಿದ ಕೆಲಸವನ್ನು ತಾನೇ ಅರ್ಥ ಮಾಡಿಕೊಂಡು, ಸಾಫ್ಟ್‌ವೇರಿನ ಒಳಗೆ ಹೋಗಿ ಮಾಡಿ ಬರುವ ಒಂದು ಪ್ರೋಗ್ರಾಂ. ಇಂಥವರಿಗೆ ರಜೆ ಹಾಕು ಎಂದರೆ ಹಾಕುತ್ತದೆ. ಯಾರು ಯಾರು ಬಂದಿಲ್ಲ ಎಂದು ಕೇಳಿದರೆ ಪಟ್ಟಿ ಕೊಡುತ್ತದೆ. ಅದನ್ನು ಜೋಡಿಸುವುದು ಕಮಾಂಡ್ ಲೈನಿನಿಂದ. ಅಲ್ಲಿ ಚಿತ್ರ ಇಲ್ಲ, ಬಟನ್ ಇಲ್ಲ, ಕಪ್ಪು ಪರದೆಯ ಮೇಲೆ ಒಂದೊಂದೇ ಸಾಲು ಆಜ್ಞೆ ಟೈಪ್ ಮಾಡಬೇಕು. ಒಂದು ಚುಕ್ಕಿ ತಪ್ಪಿದರೂ ಕೆಂಪು ಅಕ್ಷರದಲ್ಲಿ ಬೈಯುತ್ತದೆ.

ನಾನು ಬಿ.ಕಾಂ. ಓದಿದವಳು. ಇದನ್ನು ಯಾರೂ ನನಗೆ ಕಲಿಸಿರಲಿಲ್ಲ. ಆದರೆ ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಪಕ್ಕದ ಮೇಜಿನ ದೀಕ್ಷಾ "ನಂಗೆ ಆಗೂದಿಲ್ಲ ಸರ್" ಎಂದು ಮೊದಲೇ ಹೇಳಿ ತಪ್ಪಿಸಿಕೊಂಡಿದ್ದಳು. ಮೂರು ದಿನ ಫೋನಿನಲ್ಲಿ ವಿಡಿಯೋ ನೋಡಿ, ಬರೆದುಕೊಂಡು, ಹಾಕಿದ ಪ್ರೋಗ್ರಾಂ ತೆಗೆದು ಮತ್ತೆ ಹಾಕಿ ಒದ್ದಾಡಿದೆ. ಶುಕ್ರವಾರ ಮಧ್ಯಾಹ್ನ ಅದು ಜೋಡಿಸಿಕೊಂಡಿತು. "ನಮ್ಮ ಕಂಪನಿಯಲ್ಲಿ ಎಷ್ಟು ಜನರಿದ್ದಾರೆ?" ಎಂದು ಟೈಪ್ ಮಾಡಿದೆ. ಐನೂರ ಎಂಬತ್ತು ಎಂದು ಉತ್ತರ ಬಂತು. ಅಪ್ಪಾ, ನಾನು ಕುರ್ಚಿಯಿಂದ ಎದ್ದು ಕುಣಿಯುವುದೊಂದು ಬಾಕಿ. ಅವತ್ತು ಸಂಜೆ ಬಸ್ಸಿನಲ್ಲಿ ನಿನಗೆ ಹೇಳಿದೆನಲ್ಲ, ನೆನಪಿದೆಯೇ? ನೀನು ಪೂರ್ತಿ ಕೇಳಿ, "ಅಂದ್ರೆ ಅದು ನಿನ್ನ ಕೈಕೆಳಗಿನ ಆಳು ಅನ್ನು" ಎಂದಿದ್ದೆ. ನನಗೆ ಹೆಮ್ಮೆಯಾಗಿತ್ತು.

ಬಸ್ಸಿನ ಮಾತು ಬಂತು, ಅದನ್ನೂ ಬರೆದುಬಿಡುತ್ತೇನೆ. ನಾನು ಈ ಕೆಲಸಕ್ಕೆ ಸೇರಿದ ದಿನ ನೀನು ಆ ಯಾರ್ಡಿನಲ್ಲಿ ಪೇಂಟಿಂಗಿನವರ ಜೊತೆ ಕೆಲಸ ಮಾಡುತ್ತ ನಾಲ್ಕು ವರ್ಷವಾಗಿತ್ತು. "ನೀ ಆಫೀಸಿನ ಬದಿಗೆ, ನಾ ಗೇಟಿನ ಬದಿಗೆ. ಯಾರಾದ್ರೂ ಕೇಳಿರೆ ಒಂದೇ ಊರು ಅನ್ನು, ಸಾಕು. ಪೇಂಟ್ ಡಬ್ಬಿ ಹೊರೂವನ ಮಗಳಿಗೆ ಕುರ್ಚಿ ಯಾಕೆ ಕೊಟ್ರಿ ಅಂಬೂದು ಬೇಡ" ಎಂದು ಹೇಳಿದವನು ನೀನೇ. ಬೇಡ ಅಪ್ಪಾ ಎಂದು ನಾನು ಒಂದು ಮಾತು ಹೇಳಲಿಲ್ಲ. ನೀನು ಆರೂಕಾಲರ ಬಸ್ಸು ಹಿಡಿದರೆ ನಾನು ಎಂಟರ ಬಸ್ಸು. ಬೆಳಿಗ್ಗೆ ಕಾರವಾರದ ಹೋಟೆಲಿನಿಂದ ಬಿಸಿ ಬನ್ಸ್ ಕಟ್ಟಿಸಿ ತಂದು, "ನಮ್ಮೂರ ಹುಡುಗಿಗೆ ಕೊಡಿ" ಎಂದು ಗೇಟಿನ ವಾಚ್‌ಮನ್ ಹತ್ತಿರ ಇಟ್ಟು ಹೋಗುತ್ತಿದ್ದೆ. ಸಂಜೆ ಒಂದೇ ಬಸ್ಸಿನಲ್ಲಿ ಬಂದರೂ ನೀನು ಹಿಂದೆ, ನಾನು ಮುಂದೆ. ತೋಡೂರಿನಲ್ಲಿ ನಮ್ಮ ಕಂಪನಿಯ ಕೊನೆಯವರು ಇಳಿದ ಮೇಲೆ ನೀನು ಹಿಂದಿನ ಸೀಟಿನಿಂದ ಎದ್ದು ಬಂದು ನನ್ನ ಪಕ್ಕ ಕೂರುತ್ತಿದ್ದೆ. ತೋಡೂರಿನಿಂದ ಅಂಕೋಲೆಯವರೆಗೆ ಮಾತ್ರ ನಾವು ಅಪ್ಪ, ಮಗಳು. ಮೂರು ವರ್ಷ ಹೀಗೆ ನಡೆಯಿತು. ನನಗೆ ಅದು ಅಭ್ಯಾಸವಾಗಿಬಿಟ್ಟಿತ್ತು. ಅಭ್ಯಾಸ ಎಂದೂ ಅಲ್ಲ, ಅನುಕೂಲವಾಗಿತ್ತು.

ಇನ್ನು ಹಾಜರಿಯ ಮಾತು. ಗೇಟಿನಲ್ಲಿ ಬೆರಳು ಒತ್ತುವ ಮಿಶಿನ್ ಬಂದ ಮೇಲೆ ನಿನ್ನ ಬೆರಳನ್ನು ಅದು ಒಂದು ದಿನವೂ ಸರಿಯಾಗಿ ಹಿಡಿಯಲಿಲ್ಲ. ನಲವತ್ತು ವರ್ಷ ಬಲೆಯ ಹಗ್ಗ ಎಳೆದ ಕೈ, ಗೆರೆಗಳೆಲ್ಲ ಸವೆದು ಹೋಗಿವೆ. ಮೊದಲು ದರಿಯಾಕ್ಕೆ ಹೋಗುತ್ತಿದ್ದವರು, ಸೋಡಾ ಹಾಕಿ ನೆಲ ತಿಕ್ಕುವ ಹೆಂಗಸರು, ಹೀಗೆ ಮೂವತ್ತೇಳು ಜನರ ಬೆರಳು ಅದಕ್ಕೆ ಕಾಣುತ್ತಿರಲಿಲ್ಲ. ಅವರ ಹಾಜರಿಯನ್ನು ವಾಚ್‌ಮನ್ ಒಂದು ರಿಜಿಸ್ಟರಿನಲ್ಲಿ ಬರೆಯುವುದು, ಶನಿವಾರ ನಾನು ಅದನ್ನು ನೋಡಿ ಸಾಫ್ಟ್‌ವೇರಿಗೆ ಏರಿಸುವುದು ಎಂದು ನಡೆದುಕೊಂಡು ಬಂದಿತ್ತು. ಈ ತಿಂಗಳ ಒಂದನೇ ತಾರೀಕಿನ ಶನಿವಾರ ರಾಜ್ಯೋತ್ಸವದ ರಜೆ, ನಾನು ಏರಿಸಲಿಲ್ಲ. ಎಂಟನೇ ತಾರೀಕಿನ ಶನಿವಾರ ಏಜೆಂಟಿನ ಗಡಿಬಿಡಿಯಲ್ಲಿದ್ದೆ, ಅವತ್ತೂ ಏರಿಸಲಿಲ್ಲ. ವಾಚ್‌ಮನ್ ಅವತ್ತು ತಂದುಕೊಟ್ಟ ರಿಜಿಸ್ಟರು ನನ್ನ ಡ್ರಾಯರಿನಲ್ಲೇ ಉಳಿಯಿತು. ಅಂದರೆ ನೀವು ಮೂವತ್ತೇಳು ಜನ ಎರಡು ವಾರ ದಿನಾ ಬಂದು ದುಡಿದಿದ್ದೀರಿ, ಸಾಫ್ಟ್‌ವೇರಿನಲ್ಲಿ ಮಾತ್ರ ಬಂದಿರಲೇ ಇಲ್ಲ.

ಹತ್ತನೇ ತಾರೀಕು ಸೋಮವಾರ ಮಧ್ಯಾಹ್ನ ಮೂರು ಗಂಟೆ. ಜಗದೀಶ ಸರ್ ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದರು. ಯಾರ್ಡಿನವರಿಗೆ ಮಾರನೇ ದಿನ ಸರಿಯಾದ ಪಟ್ಟಿ ಕೊಡಬೇಕಿತ್ತು. "ಹತ್ತು ದಿನದ ಮೇಲೆ ರಜೆ ಹಾಕದೇ ಬರದೇ ಇದ್ದವ್ರನ್ನೆಲ್ಲ ತೆಗೀಲಿ, ಪಟ್ಟಿ ಚೊಕ್ಕ ಆಗ್ಲಿ. ನೋಡುವಾ ನಿನ್ನ ಏಜೆಂಟಿನ ಕರಾಮತ್ತು" ಎಂದರು. ಏಜೆಂಟಿಗೆ ಅನುಮತಿ ಕೊಡುವಾಗ ಬರೀ ಓದುವುದಕ್ಕಷ್ಟೇ ಕೊಡಬಹುದಿತ್ತು. ನಾನು ಬದಲಾಯಿಸುವುದಕ್ಕೂ ಕೊಟ್ಟಿದ್ದೆ. ಒಂದೊಂದು ಸಣ್ಣ ಕೆಲಸಕ್ಕೂ ಅದು "ಮಾಡಲೇ?" ಎಂದು ಕೇಳಿ ಕೇಳಿ ಬೇಸರ ಬಂದು, ಪ್ರತಿಯೊಂದಕ್ಕೂ ಕೇಳುವುದು ಬೇಡ ಎಂದು ಶನಿವಾರವೇ ಹೇಳಿಟ್ಟಿದ್ದೆ. ಸರ್ ಹೇಳಿದ್ದನ್ನು ಹಾಗೆಯೇ ಟೈಪ್ ಮಾಡಿ ಎಂಟರ್ ಒತ್ತಿದೆ. ಕಪ್ಪು ಪರದೆಯ ಮೇಲೆ ಸಾಲುಗಳು ಸರಸರ ಓಡಿದವು, ನಾನು ನೋಡಲಿಲ್ಲ. ಮುಗಿಯಿತು ಎಂದು ಬಂತು. ಮೂವತ್ತೇಳು ಜನ ಕೆಲಸ ಬಿಟ್ಟವರು ಎಂದು ದಾಖಲಾಯಿತು, ಪಾಸು ರದ್ದಾಯಿತು, ಅಷ್ಟೂ ಜನರ ಫೋನಿಗೆ ಮೆಸೇಜು ಹೋಯಿತು. ಒಂದು ಲೋಟ ಚಾ ಕುಡಿಯುವಷ್ಟು ಹೊತ್ತೂ ಆಗಲಿಲ್ಲ. "ಶಾಬಾಸ್" ಎಂದರು ಸರ್.

ಮಂಗಳವಾರ ಬೆಳಿಗ್ಗೆ ನಾನು ಬಸ್ಸಿಳಿದು ಬರುವಾಗ ಗೇಟಿನ ಹೊರಗೆ ನೀವೆಲ್ಲ ನಿಂತಿದ್ದಿರಿ. ಪಾಸು ತೋರಿಸಿದರೆ ಮಿಶಿನ್ ಕೆಂಪು ದೀಪ ಹಾಕುತ್ತಿತ್ತು. ವಾಚ್‌ಮನ್ ಕೈಮುಗಿದು "ನಂದೆಂತದಿಲ್ಲ, ನಂದೆಂತದಿಲ್ಲ" ಎನ್ನುತ್ತಿದ್ದ. ನೀನು ಗೋಡೆಯ ಹತ್ತಿರ ಊಟದ ಡಬ್ಬಿ ಹಿಡಿದು ನಿಂತಿದ್ದೆ. ನನ್ನನ್ನು ನೋಡಿದೆ. ಆಮೇಲೆ ದಿನಾ ಮಾಡುವ ಹಾಗೆ ಮುಖ ಆ ಬದಿಗೆ ತಿರುಗಿಸಿದೆ. ನಾನು ನನ್ನ ಪಾಸು ಒತ್ತಿದೆ, ಹಸಿರು ದೀಪ ಬಂತು, ಒಳಗೆ ಹೋದೆ. ಅಪ್ಪಾ, ನಾನು ಒಳಗೆ ಹೋದೆ. ಈ ಒಂದು ಸಾಲು ಬರೆಯಲು ಇಷ್ಟು ಹೊತ್ತು ಹಿಡಿಯಿತು.

ಅವತ್ತು ಸಂಜೆ ನಾನು ಮನೆಗೆ ಬಂದಾಗ ನೀನು ಜಗಲಿಯಲ್ಲಿ ಕೂತಿದ್ದೆ. ಡಬ್ಬಿಯ ಅನ್ನವನ್ನು ಹಾಗೆಯೇ ವಾಪಸ್ಸು ತಂದಿದ್ದೆ. ಬೈಯಲಿಲ್ಲ. "ನೀ ಅಲ್ಲೇ ಇದ್ದಿದ್ಯೇನೆ ಮಗಾ?" ಎಂದು ಮಾತ್ರ ಕೇಳಿದೆ. "ಮಿಶಿನ್ ಮಾಡಿದ್ದು ಅಪ್ಪಾ, ನಂಗೆ ಗೊತ್ತೇ ಇರ್ಲಿಲ್ಲ" ಎಂದೆ. ನೀನು ಡಬ್ಬಿ ಎತ್ತಿಕೊಂಡು ಎದ್ದೆ. ಆಮೇಲೆ, "ಹಂಗಾರೆ ಮಿಶಿನಿಗೆ ಹೇಳು, ನಾ ಬಂದಿದ್ದೆ ಅಂತ" ಎಂದೆ. ಅಷ್ಟೇ. ಬೆಳಿಗ್ಗೆ ಏಳುವಾಗ ನೀನಿರಲಿಲ್ಲ.

ಮಾರನೇ ದಿನ ಆಫೀಸಿನಲ್ಲಿ ರಿಜಿಸ್ಟರಿನ ಮಾತೆತ್ತಿದೆ. ಜಗದೀಶ ಸರ್ ಬಾಗಿಲು ಹಾಕಿ ಕೂರಿಸಿದರು. ತಪ್ಪು ನಮ್ಮದು ಎಂದು ಒಪ್ಪಿದರೆ ಯಾರ್ಡಿನವರು ಗುತ್ತಿಗೆಯನ್ನೇ ತೆಗೆಯುತ್ತಾರೆ, ಆಗ ಮೂವತ್ತೇಳಲ್ಲ, ಐನೂರ ಎಂಬತ್ತು ಜನ ಬೀದಿಗೆ ಬರುತ್ತಾರೆ ಎಂದರು. ಅವರ ಕಣ್ಣೂ ಕೆಂಪಾಗಿತ್ತು, ನಿದ್ದೆ ಮಾಡಿರಲಿಲ್ಲ. "ಅದು ನಿನ್ನ ಡ್ರಾಯರಿನಲ್ಲೇ ಇರ್ಲಿ. ಯಾರೂ ಕೇಳೂದಿಲ್ಲ. ಒಂದು ತಿಂಗಳು ಹೋಗ್ಲಿ, ಒಬ್ಬೊಬ್ಬರನ್ನೇ ಹೊಸದಾಗಿ ಸೇರಿಸ್ಕಂಬ" ಎಂದರು. ನನಗೆ ಅದು ಸರಿ ಎನಿಸಿತು. ಸರಿ ಎನಿಸಿಕೊಂಡೆ. ದಿನಾ ಬೆಳಿಗ್ಗೆ ಬಂದು ಆ ಡ್ರಾಯರಿಗೆ ಬೀಗ ಇದೆಯೇ ಎಂದು ನೋಡುವುದು, ಕೆಲಸ ಮಾಡುವುದು, ಸಂಜೆ ಮತ್ತೊಮ್ಮೆ ನೋಡಿ ಬರುವುದು. ಮನೆಗೆ ಬಂದರೆ ಆಯಿ ನಿನ್ನ ಫೋನನ್ನು ಚಾರ್ಜಿಗೆ ಹಾಕಿ, ಅದರ ಮುಂದೆ ಕೂತಿರುತ್ತಿದ್ದಳು. ಬೇಕೆಂದೇ ಫೋನು ಬಿಟ್ಟು ಹೋದವನು ಫೋನು ಮಾಡುವುದಿಲ್ಲ ಎಂದು ನಾನೂ ಹೇಳಲಿಲ್ಲ, ಅವಳಿಗೂ ಹೊಳೆಯಲಿಲ್ಲ. ಹೊಳೆದರೂ ಸುಮ್ಮನಿದ್ದಳೋ ಏನೋ.

ಗುರುವಾರ ಮಧ್ಯಾಹ್ನ ನಾನು ಚಾ ಕುಡಿಯಲು ಹೊರಗೆ ಬಂದಾಗ ಹೊನ್ನಕ್ಕ ದಾರಿಗೆ ಅಡ್ಡ ನಿಂತಳು. ಅಂಗಳ ಗುಡಿಸುವ ಹೊನ್ನು, ತೋಡೂರಿನವಳು, ಮೂವತ್ತೇಳರಲ್ಲಿ ಅವಳೂ ಒಬ್ಬಳು. ಒಂಬತ್ತು ದಿನದಿಂದ ಅವರೆಲ್ಲ ಗೇಟಿನ ಹೊರಗಿನ ಮರದಡಿಗೆ ಬಂದು ಕೂರುತ್ತಿದ್ದರು. "ನಾ ಗುಡ್ಸಿದ ಅಂಗಳದ ಮೇಲೇ ದಿನಾ ನಡ್ಕಂಡು ಹೋಗ್ತಿದ್ಯಲ್ಲೇ ತಂಗೀ. ನಾ ಬಂದಿದ್ನೋ ಇಲ್ವೋ, ನೀನೇ ಹೇಳು" ಎಂದಳು. ನಾನು ತಪ್ಪಿಸಿಕೊಂಡು ಹೋಗಲು ನೋಡಿದೆ. ಅವಳು ದನಿ ತಗ್ಗಿಸಿದಳು. "ನಿಮ್ಮಪ್ಪ ಎಂತಕೆ ಊರು ಬಿಟ್ಟ ಗೊತ್ತಿದ್ಯ ನಿಂಗೆ?" ಎಂದಳು. ನನ್ನ ಕಾಲು ಅಲ್ಲೇ ನಿಂತಿತು. ಅವಳಿಗೆ ಗೊತ್ತಿತ್ತು, ಅಪ್ಪಾ. ಮೂರು ವರ್ಷದಿಂದ ಗೊತ್ತಿತ್ತು. ತೋಡೂರಿನಲ್ಲಿ ಬಸ್ಸಿಳಿದು ರಸ್ತೆ ದಾಟಲು ನಿಂತಾಗಲೆಲ್ಲ, ನೀನು ಎದ್ದು ಬಂದು ನನ್ನ ಪಕ್ಕ ಕೂರುವುದನ್ನು ಕಿಟಕಿಯಲ್ಲಿ ನೋಡಿದ್ದಳು. ಯಾರಿಗೂ ಹೇಳಿರಲಿಲ್ಲ.

ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ಮಂಗಳವಾರ ಗಂಡಸ್ರೆಲ್ಲ ಅಂವನ ಸುತ್ತ ನಿಂತ್ರು. ಬೊಮ್ಮಯ್ಯ, ಆ ಆಫೀಸಿನ ಹುಡುಗಿ ನಿಮ್ಮೂರಿನದಲ್ವ, ಒಂದು ಮಾತು ಕೇಳು ಅಂದ್ರು. ಆ ಹುಡುಗಿಗೆ ತ್ರಾಸ ಕೊಡೂದು ಬೇಡ, ಅವಳದ್ದೂ ಹೊಟ್ಟೆಪಾಡು ಅಂದ. ಅವ್ರು ಬಿಡ್ಲಿಲ್ಲ. ನಾಳೆ ನೀನೇ ಒಳಗೆ ಹೋಗಿ ಕೇಳ್ಬೇಕು, ಇಲ್ದಿದ್ರೆ ನಾವೇ ನಿನ್ನ ಕರ್ಕಂಡು ಹೋಗಿ ಅವಳ ಎದ್ರಿಗೆ ನಿಲ್ಲಿಸ್ತೇವೆ ಅಂದ್ರು. ಅದ್ಕೇ ಹೋದ ಅಂವ. ಅಂವ ಇದ್ರೆ ಅಲ್ವ ನಿನ್ನ ಹೆಸರು ಬಾಯಿಗೆ ಬರೂದು?" ಅಷ್ಟು ಹೇಳಿ ಅವಳು ಮರದಡಿಗೆ ಹೋಗಿ ಕೂತಳು. ನಾನು ಚಾ ಕುಡಿಯಲಿಲ್ಲ. ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ನೀನು ಕೆಲಸ ಹೋದ ಬೇಸರಕ್ಕೆ ಹೋಗಿದ್ದೀ ಎಂದುಕೊಂಡಿದ್ದೆ. ನನ್ನ ಮೇಲಿನ ಸಿಟ್ಟಿಗೆ ಹೋಗಿದ್ದೀ ಎಂದೂ ಅಂದುಕೊಂಡಿದ್ದೆ. ಸಿಟ್ಟಿಗೇ ಹೋಗಿದ್ದರೆ ಚೆನ್ನಾಗಿತ್ತು.

ಶುಕ್ರವಾರ ಕಾರ್ಮಿಕ ಇಲಾಖೆಯ ಅಧಿಕಾರಿ ಬಂದರು. ಹೊನ್ನಕ್ಕನವರೆಲ್ಲ ಸೇರಿ ಅರ್ಜಿ ಕೊಟ್ಟಿದ್ದರು. ಯಾರ್ಡಿನ ಕ್ಯಾಂಟೀನಿನಲ್ಲಿ ಮೇಜು ಹಾಕಿ ಕೂರಿಸಿದರು. ಈ ಬದಿ ನಾವು, ಆ ಬದಿ ಅವರು. ಜಗದೀಶ ಸರ್ ಎದ್ದು, ಸಾಫ್ಟ್‌ವೇರಿನಲ್ಲಿ ಇವರ ಹಾಜರಿ ಇಲ್ಲ, ಬೇರೆ ದಾಖಲೆ ನಮ್ಮ ಹತ್ತಿರ ಯಾವುದೂ ಇಲ್ಲ ಎಂದರು. ಅಧಿಕಾರಿ ಮೇಡಂ ಅರ್ಜಿಯನ್ನು ಒಂದೊಂದೇ ಹೆಸರು ಓದುತ್ತ ಬಂದರು. ಓದಿದ ಹೆಸರಿನವರು ಎದ್ದು ನಿಲ್ಲುವುದು, ಕೂರುವುದು. ಇಪ್ಪತ್ತೆರಡನೆಯದಕ್ಕೆ ಯಾರೂ ಏಳಲಿಲ್ಲ. "ಬೊಮ್ಮಯ್ಯ ಯಾರು? ಇವರ ಸಹಿಯೂ ಇಲ್ಲವಲ್ಲ?" ಎಂದು ಕೇಳಿದರು. ಹೊನ್ನಕ್ಕ ನನ್ನನ್ನೇ ನೋಡುತ್ತಿದ್ದಳು. ಎದ್ದು ನಿಂತಿದ್ದು ನಾನೇ ಎಂದು ನಿಂತ ಮೇಲೆ ಗೊತ್ತಾಯಿತು. "ಅಂವ ನನ್ನ ಅಪ್ಪ" ಎಂದೆ. ದನಿ ಹೊರಗೆ ಬಂತೋ ಇಲ್ಲವೋ ಎಂದು ಮತ್ತೊಮ್ಮೆ ಹೇಳಿದೆ, "ಬೊಮ್ಮಯ್ಯ ನನ್ನ ಅಪ್ಪ, ಮೇಡಂ. ದಿನಾ ಕೆಲಸಕ್ಕೆ ಬಂದಿದ್ದ. ಇವರೆಲ್ಲ ಬಂದಿದ್ದರು." ಕೊಡುವ ಧೈರ್ಯ ಬರುತ್ತದೋ ಇಲ್ಲವೋ ಎಂದುಕೊಳ್ಳುತ್ತಲೇ ಬೆಳಿಗ್ಗೆ ಬ್ಯಾಗಿಗೆ ಹಾಕಿಕೊಂಡಿದ್ದ ರಿಜಿಸ್ಟರನ್ನು ತೆಗೆದು ಮೇಜಿನ ಮೇಲಿಟ್ಟೆ. ನಾನು ಟೈಪ್ ಮಾಡಿದ ಆಜ್ಞೆಗಳನ್ನೆಲ್ಲ ಪ್ರಿಂಟ್ ತೆಗೆದಿದ್ದೆ, ಅದನ್ನೂ ಇಟ್ಟೆ. ಎಲ್ಲಿ ಅನುಮತಿ ಕೊಟ್ಟೆ, ಎಲ್ಲಿ ಕೇಳಬೇಡ ಎಂದೆ, ಎಲ್ಲ ಹೇಳಿದೆ. "ಒತ್ತುವ ಮೊದಲು ಪಟ್ಟಿ ನೋಡಿದ್ಯಾಮ್ಮಾ?" ಎಂದು ಅವರು ಕೇಳಿದರು. "ಇಲ್ಲ ಮೇಡಂ, ಅದು ತಾನಾಗೇ ಮಾಡಿತು" ಎಂದೆ.

ಜಗದೀಶ ಸರ್ ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. ಎಲ್ಲ ಮುಗಿದ ಮೇಲೆ, ಖಾಲಿ ಕ್ಯಾಂಟೀನಿನಲ್ಲಿ ಬೆಂಚಿನ ಮೇಲೆ ಕೂತು ನನ್ನನ್ನು ನೋಡಿ, "ನಿಮ್ಮಪ್ಪ ಅಂತ ಅವತ್ತೇ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ ಮಾರಾಯ್ತಿ. ನಾನೇನು ರಾಕ್ಷಸನಾ?" ಎಂದರು. ಆ ಮಾತು ನನ್ನನ್ನು ಇನ್ನೂ ತಿನ್ನುತ್ತಿದೆ. ಅವರು ರಾಕ್ಷಸರಲ್ಲ, ಅಪ್ಪಾ. ಅವರ ತಂದೆ ಹಣಕೋಣದಲ್ಲಿ ಗದ್ದೆ ಕೆಲಸ ಮಾಡುತ್ತಿದ್ದರಂತೆ. ಹೇಳಿದ್ದರೆ ಏನೂ ಆಗುತ್ತಿರಲಿಲ್ಲ. ಮೂರು ವರ್ಷ ನಾವು ಯಾರಿಗೆ ಹೆದರಿ ಬೇರೆ ಬೇರೆ ಸೀಟಿನಲ್ಲಿ ಕೂತೆವು?

ಈಗ ಸುದ್ದಿ ಹೀಗಿದೆ. ಮೂವತ್ತಾರು ಜನ ನಾಳೆ ಬೆಳಿಗ್ಗೆಯಿಂದ ಕೆಲಸಕ್ಕೆ ಹೋಗುತ್ತಾರೆ. ರಿಜಿಸ್ಟರಿನಲ್ಲಿದ್ದ ಅಷ್ಟೂ ದಿನದ ಹಾಜರಿಯನ್ನು ನಿನ್ನೆ ನಾನೇ ಕೂತು, ದೀಕ್ಷಾಳ ಎದುರಿಗೆ, ಒಂದೊಂದಾಗಿ ಕೈಯಿಂದ ಏರಿಸಿದೆ. ನಿನ್ನದನ್ನೂ ಏರಿಸಿದೆ. ಬೆರಳು ಹಿಡಿಯದವರಿಗೆ ಮುಖ ನೋಡಿ ಹಾಜರಿ ಹಾಕುವ ವ್ಯವಸ್ಥೆ ಮಾಡಬೇಕೆಂದು ಮೇಡಂ ಬರೆದುಕೊಟ್ಟಿದ್ದಾರೆ. ನೀನು ಮಾತ್ರ ತಿಂಗಳ ಕೊನೆಯೊಳಗೆ ಖುದ್ದಾಗಿ ಬಂದು ಸಹಿ ಹಾಕಬೇಕು. ಗುತ್ತಿಗೆ ಏನಾಗುತ್ತದೆ ಎಂದು ಇನ್ನೂ ಯಾರಿಗೂ ಗೊತ್ತಿಲ್ಲ. ನನಗೆ ನಾಳೆಯಿಂದ, ವಿಚಾರಣೆ ಮುಗಿಯುವವರೆಗೆ, ಕೆಲಸಕ್ಕೆ ಬರಬೇಡ ಎಂದಿದ್ದಾರೆ. ನಾಳೆ ಹತ್ತೂವರೆಗೆ ಮೇಡಂ ಎದುರಿಗೆ ಹೇಳಿಕೆ ಬರೆದು ಕೊಡಬೇಕು. ಕೆಲಸ ಹೋಗುತ್ತದೆ ಎಂದು ನನಗೆ ಅನ್ನಿಸುತ್ತದೆ. ಹೋಗಲಿ. ನೀನು ಬಾ. ಸಹಿಗಾಗಿ ಬರದಿದ್ದರೂ ಅಡ್ಡಿಲ್ಲ, ಆ ಕೆಲಸ ನಿನಗೆ ಬೇಡವಾಗಿದ್ದರೂ ಅಡ್ಡಿಲ್ಲ, ಮನೆಗೆ ಬಾ. ಹಗ್ಗ ಜಗ್ಗುವಾಗ ನಿನ್ನ ಭುಜ ಕೈಕೊಟ್ಟರೆ ಏನಾದೀತು ಎಂಬುದನ್ನು ನಾನು ಬರೆಯಲಾರೆ. ಆಯಿಯೂ ಬಾಯಿ ಬಿಟ್ಟು ಹೇಳುತ್ತಿಲ್ಲ. ಆದರೆ ನಿನ್ನೆ ಪಕ್ಕದ ಮನೆಯವರ ರೇಡಿಯೋದಲ್ಲಿ ಸಮುದ್ರದ ಗಾಳಿಯ ಸುದ್ದಿ ಬಂದಾಗ ಒಲೆ ಆರಿಸಿ ಹೋಗಿ ಬಾಗಿಲಲ್ಲಿ ನಿಂತು ಕೇಳಿದಳು.

ಆಯಿ, ತಾನು ನಿನ್ನ ಮೇಲೆ ಸಿಟ್ಟು ಮಾಡಿಕೊಂಡಿಲ್ಲ ಎಂದು ಬರೆಯಲು ಹೇಳಿದ್ದಾಳೆ. ತಾನು ನಿನ್ನನ್ನು ಕೇಳಿದೆ ಎಂದು ತಿಳಿಸಲು ಹೊನ್ನಕ್ಕ ಹೇಳಿದ್ದಾಳೆ. ಬೋಟಿನಲ್ಲಿ ನಿನ್ನ ಜೊತೆ ಇರುವವರು ಯಾರೋ ಗೊತ್ತಿಲ್ಲ, ಅವರಿಗೂ ನನ್ನ ನಮಸ್ಕಾರ ಹೇಳು. ನಿನ್ನನ್ನು ಭಾರ ಎತ್ತಲು ಬಿಡಬೇಡಿ ಎಂದೂ ಹೇಳು. ದರಿಯಾದೇವಿ ನಿನ್ನನ್ನು ಕಾಯಲಿ.

ನಿನ್ನ ಮಗಳು,
ಚಂದನಾ

ತಾ.ಕ.: ಮಾಬ್ಲೇಶ್ವರಣ್ಣ ಲಾರಿ ತಂದು ರಸ್ತೆಯಲ್ಲಿ ನಿಲ್ಲಿಸಿದ್ದಾನೆ. ಬೇಗ ಬರೆಯುತ್ತೇನೆ. ಮೇಲೆ ಒಂದು ಕಡೆ ಸುಳ್ಳು ಬರೆದಿದ್ದೇನೆ. ಮೇಡಂ ಎದುರಿಗೂ ಅದೇ ಸುಳ್ಳು ಹೇಳಿದೆ. ಅದು ತಾನಾಗಿಯೇ ಮಾಡಲಿಲ್ಲ. ಕೇಳುವುದು ಬೇಡ ಎಂದಿದ್ದರೂ ಅವತ್ತು ಅದು ನಿಂತಿತು. ಮೂವತ್ತೇಳೂ ಹೆಸರನ್ನು ಪರದೆಯ ಮೇಲೆ ಹಾಕಿ, ಇವರ ಬೆರಳಚ್ಚನ್ನು ಮಿಶಿನ್ ದಿನಾ ಬೆಳಿಗ್ಗೆ ತಿರಸ್ಕರಿಸಿದೆ, ಅಂದರೆ ಇವರು ಗೇಟಿಗೆ ಬಂದಿರಬಹುದು, ಬೇರೆ ಕಡೆ ಇವರ ಹಾಜರಿ ಇದೆಯೇ ನೋಡಿ, ಆಮೇಲೆ ಮುಂದುವರಿಯಲೇ ಎಂದು ಬರೆಯಿತು. ನಾನು ಓದಿದೆ, ಅಪ್ಪಾ. ನಿನ್ನ ಹೆಸರನ್ನೂ ಓದಿದೆ. ಸರ್ ಹಿಂದೆಯೇ ನಿಂತಿದ್ದರು. ಬೇಡ ಎಂದರೆ ಯಾಕೆ ಎಂದು ಕೇಳುತ್ತಿದ್ದರು, ಬೊಮ್ಮಯ್ಯ ಯಾರು ಎಂದು ಹೇಳಬೇಕಾಗುತ್ತಿತ್ತು. ನಾಳೆ ಸರಿ ಮಾಡಿದರಾಯಿತು ಎಂದುಕೊಂಡು ಹೌದು ಎಂದು ಒತ್ತಿದೆ. ಆ ಪುಟವನ್ನು ಪ್ರಿಂಟಿನಿಂದ ತೆಗೆದಿಟ್ಟಿದ್ದೆ, ನಾಳೆ ಮೇಡಂಗೆ ನಾನೇ ಕೊಡುತ್ತೇನೆ. ಅವರಿಗಿಂತ ಮೊದಲು ಇದು ನಿನಗೆ ಗೊತ್ತಾಗಬೇಕಿತ್ತು. ಇಷ್ಟು ಗೊತ್ತಾದ ಮೇಲೂ ನಿನಗೆ ಬರಬೇಕೆನಿಸಿದರೆ ಬಾ.